ಕಟ್ಟಕಡೆಯ ಹಿಮದ ಮೇಲೆ

ಮೇ ತಿಂಗಳ ನಡುಭಾಗ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಮರಗಳು ಚಿಗುರೊಡೆದಿರುತ್ತವೆ. ಸುತ್ತಮುತ್ತಲ ಬಹುತೇಕ ಸ್ಕೀಯಿಂಗ್ ತಾಣಗಳಲ್ಲಿ ಜನರನ್ನು ಬೆಟ್ಟಕ್ಕೇರಿಸುವ ಯಂತ್ರಗಳು ನಿಂತು ವಾರಗಳೇ ಆಗಿರುತ್ತವೆ. ಆದರೂ ಮೌಂಟ್ ವಾಷಿಂಗ್ಟನ್ ಬೆಟ್ಟದ ಬುಡದಲ್ಲಿರುವ ಪಿಂಕಮ್ ನಾಚ್ ಎಂಬಲ್ಲಿಗೆ ಮುಂಜಾನೆಯೇ ಕಾರುಗಳು ಬಂದು ಸಾಲುಗಟ್ಟುತ್ತವೆ. ಇಳಿದವರು ಉದ್ದನೆಯ ಸ್ಕೀ ಪಟ್ಟಿಗಳನ್ನು ಬೆನ್ನಚೀಲಕ್ಕೆ ಬಿಗಿದುಕೊಂಡು, ಹಿಮದ ಸುಳಿವೇ ಇಲ್ಲದ ಕಾಡಿನ ಕಲ್ಲುದಾರಿಯಲ್ಲಿ ನಡೆಯತೊಡಗುತ್ತಾರೆ. ಸುಮಾರು ಐದು ಕಿಲೋಮೀಟರ್ ಏರಿದ ಮೇಲೆ ಬೆಟ್ಟದ ಮೈಯನ್ನು ಯಾರೋ ಕೊರೆದು ತೆಗೆದಂತಿರುವ ದೊಡ್ಡ ಬೋಗುಣಿಯೊಂದು ಎದುರಾಗುತ್ತದೆ. ಅದರ ಕಡಿದಾದ ಗೋಡೆಗೆ ಚಳಿಗಾಲದ ಕೊನೆಯ ಬಿಳುಪು ಅಂಟಿಕೊಂಡಿರುತ್ತದೆ. ಅದೇ ಟಕರ್‌ಮನ್ ಕಮರಿ.

ಇಲ್ಲಿ ಎತ್ತುಯಂತ್ರವಿಲ್ಲ. ಹತ್ತಿದಷ್ಟೇ ಜಾರುವ ಭಾಗ್ಯ. ಮೂರು ತಾಸು ನಡೆದು, ಹಿಮದ ಗೋಡೆಯಲ್ಲಿ ಬೂಟಿನಿಂದ ಮೆಟ್ಟಿಲು ಕಡಿದುಕೊಂಡು ಮೇಲೇರಿದವರು ಒಂದೆರಡು ನಿಮಿಷದಲ್ಲಿ ಕೆಳಗಿಳಿದುಬಿಡುತ್ತಾರೆ. ಲೆಕ್ಕ ಹಾಕಿದರೆ ನಷ್ಟದ ಬಾಬತ್ತೇ ಸರಿ. ಹಾಗಿದ್ದೂ ತೆಳುವಾಗಿ, ಕೊಳೆಯಾಗಿ, ನಡುನಡುವೆ ಬಂಡೆಗಳು ತಲೆಯೆತ್ತಿದ ಈ ಹಿಮಕ್ಕಾಗಿ ಜನ ಪ್ರತಿವರ್ಷ ಕಾಯುತ್ತಾರೆ. ಏಕೆಂಬ ಪ್ರಶ್ನೆಗೆ ಉತ್ತರ ಹಿಮದ ಗುಣದಲ್ಲಿಯೂ ಇದೆ, ಮನುಷ್ಯನ ಸ್ವಭಾವದಲ್ಲಿಯೂ ಇದೆ.

ಗಾಳಿ ಕೂಡಿಟ್ಟ ಗಂಟು

ಮೌಂಟ್ ವಾಷಿಂಗ್ಟನ್ನಿನ ಎತ್ತರ 1,917 ಮೀಟರ್. ಹಿಮಾಲಯದ ಮುಂದೆ ಇದು ಗುಡ್ಡ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಒಂದಿಷ್ಟು ಗಿಡ್ಡ. ಆದರೆ ಅದರ ನೆತ್ತಿಯ ಹವಾಮಾನ ಕುಖ್ಯಾತ. 1934ರ ಏಪ್ರಿಲ್ 12ರಂದು ಅಲ್ಲಿನ ವೀಕ್ಷಣಾಲಯದವರು ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದರು. 1996ರಲ್ಲಿ ಆಸ್ಟ್ರೇಲಿಯಾದ ಚಂಡಮಾರುತವೊಂದು ಮುರಿಯುವವರೆಗೂ ಅದು ವಿಶ್ವದಾಖಲೆಯಾಗಿತ್ತು. ಟಕರ್‌ಮನ್‌ನಲ್ಲಿ ಹಿಮ ತಡವಾಗಿ ಕರಗುವುದಕ್ಕೆ ಈ ಗಾಳಿಯೇ ಕಾರಣ. ಶಿಖರದ ಮೇಲೆ ವರ್ಷಕ್ಕೆ ಸರಾಸರಿ ಏಳು ಮೀಟರಿನಷ್ಟು ಹಿಮ ಬೀಳುತ್ತದೆ. ಪಶ್ಚಿಮದಿಂದ ನುಗ್ಗುವ ಗಾಳಿ ಅದನ್ನು ಬೋಳು ಬಯಲಿನಲ್ಲಿ ನಿಲ್ಲಗೊಡದೆ ಗುಡಿಸಿ, ಮರೆಯಲ್ಲಿರುವ ಈ ಕಮರಿಗೆ ಸುರಿಯುತ್ತದೆ. ಹೀಗೆ ವಿಶಾಲವಾದ ಬೆಟ್ಟದ ಮೇಲಿನ ಗಳಿಕೆಯೆಲ್ಲ ಒಂದೇ ಬೋಗುಣಿಯಲ್ಲಿ ಹತ್ತಾರು ಅಡಿ ದಪ್ಪಕ್ಕೆ ಗಂಟುಗಟ್ಟುತ್ತದೆ. ಸುತ್ತಲ ಹಿಮವೆಲ್ಲ ನೀರಾಗಿ ಹರಿದ ಮೇಲೂ ಜೂನ್‌ವರೆಗೆ, ಕೆಲವು ವರ್ಷ ಇನ್ನೂ ಮುಂದಕ್ಕೆ, ಈ ಗಂಟು ಉಳಿದಿರುತ್ತದೆ.

ಬೋಗುಣಿಯನ್ನು ಕೊರೆದದ್ದು ಹಿಮಯುಗದ ಹಿಮನದಿ. ಕಮರಿಗೆ ಹೆಸರು ಬಂದದ್ದು ಎಡ್ವರ್ಡ್ ಟಕರ್‌ಮನ್ ಎಂಬ ಸಸ್ಯವಿಜ್ಞಾನಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಆತ ಇಲ್ಲಿ ಕಲ್ಲುಹೂಗಳನ್ನು ಹುಡುಕುತ್ತ ಅಲೆದಾಡಿದ್ದ. ಗಾಂಧೀಜಿ ಮೆಚ್ಚಿಕೊಂಡಿದ್ದ ಚಿಂತಕ ಥೋರೋ ಕೂಡ 1858ರ ಜುಲೈನಲ್ಲಿ ಈ ಕಮರಿಗಿಳಿದು, ಪಾದ ಉಳುಕಿಸಿಕೊಂಡು, ಕೆಲವು ದಿನ ಇಲ್ಲಿಯೇ ಬಿಡಾರ ಹೂಡಬೇಕಾಯಿತು.

ಕಾಳುಗಟ್ಟಿದ ಹಿಮ

ಹೊಸದಾಗಿ ಬಿದ್ದ ಹಿಮ ಅರಳೆಯಂತೆ ಹಗುರ. ಅದರ ಹರಳುಗಳಿಗೆ ಆರು ಕವಲಿನ ನಾಜೂಕು ಆಕಾರ. ವಸಂತದ ಬಿಸಿಲಿಗೆ ಈ ಕವಲುಗಳು ಹಗಲು ಕರಗುತ್ತವೆ. ನಿರಭ್ರ ಇರುಳಿನಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಸೋರಿಹೋಗಿ ಮತ್ತೆ ಹೆಪ್ಪುಗಟ್ಟುತ್ತವೆ. ದಿನವೂ ಇದೇ ಪುನರಾವರ್ತನೆ. ಸಣ್ಣ ಹರಳುಗಳು ಅಳಿದು, ದೊಡ್ಡವು ದುಂಡಗಾಗಿ, ಕೆಲವು ದಿನಗಳಲ್ಲಿ ಇಡೀ ಹಿಮ ಕೆಲವು ಮಿಲಿಮೀಟರ್ ಗಾತ್ರದ ಗುಂಡು ಕಣಗಳ ರಾಶಿಯಾಗುತ್ತದೆ. ನೋಡಲು ನೆನೆಸಿಟ್ಟ ಸಬ್ಬಕ್ಕಿಯಂತೆ. ಇಂಗ್ಲಿಷ್ ಬಲ್ಲವರು ಇದನ್ನು ‘ಕಾರ್ನ್ ಸ್ನೋ’ ಎನ್ನುತ್ತಾರೆ. ಇಲ್ಲಿ ಕಾರ್ನ್ ಎಂದರೆ ಮೆಕ್ಕೆಜೋಳವೇ ಆಗಬೇಕಿಲ್ಲ, ಆ ಮಾತಿನ ಹಳೆಯ ಅರ್ಥ ಕಾಳು.

ಸ್ಕೀ ಬಲ್ಲವರಿಗೆ ಈ ಕಾಳುಹಿಮ ಪರಮಾನ್ನ. ಆದರೆ ಅದನ್ನು ಉಣ್ಣಲು ಹೊತ್ತು ತಿಳಿದಿರಬೇಕು. ಬೆಳಗಿನ ಜಾವ ಅದು ಸಿಮೆಂಟಿನಂತೆ ಗಟ್ಟಿ. ಜಾರಿ ಬಿದ್ದರೆ ತಡೆಯುವವರಿಲ್ಲ. ಬಿಸಿಲೇರಿದಂತೆ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಸಡಿಲಗೊಳ್ಳುತ್ತದೆ, ಕೆಳಗಿನದು ಇನ್ನೂ ಗಟ್ಟಿಯಾಗಿರುತ್ತದೆ. ಆ ಒಂದೆರಡು ಗಂಟೆಯೇ ಸುಮುಹೂರ್ತ. ಪಟ್ಟಿಯ ಅಂಚು ಹಿತವಾಗಿ ಕಚ್ಚಿಕೊಳ್ಳುತ್ತದೆ, ತಿರುವು ತಾನಾಗಿಯೇ ಕೂಡಿಬರುತ್ತದೆ. ಮಧ್ಯಾಹ್ನ ದಾಟಿತೆಂದರೆ ಹಿಮ ಅಂಬಲಿಯಾಗಿ ಕಾಲು ಹೂಳುತ್ತದೆ. ಆದ್ದರಿಂದಲೇ ಅನುಭವಿಗಳು ಸೂರ್ಯನ ಜೊತೆಗೇ ಸರಿಯುತ್ತಾರೆ: ಮೊದಲು ಪೂರ್ವದ ಇಳಿಜಾರು, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು.

ಜಾರುವಿಕೆಯ ಗುಟ್ಟು ನೀರು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್ ಎತ್ತರದಲ್ಲಿಯೂ ಪ್ರಯೋಗ ನಡೆಸಿ, ಸ್ಕೀ ಉಜ್ಜುವುದರಿಂದ ಹುಟ್ಟುವ ಶಾಖ ಹಿಮದ ಮೇಲ್ಮೈಯಲ್ಲಿ ತೆಳುವಾದ ನೀರಿನ ಪೊರೆಯನ್ನು ಸೃಷ್ಟಿಸುತ್ತದೆ, ಅದೇ ಎಣ್ಣೆಯಂತೆ ಕೆಲಸ ಮಾಡುತ್ತದೆ ಎಂದು ವಿವರಿಸಿದರು. ವಸಂತದಲ್ಲಿ ಕಷ್ಟ ತಿರುವುಮುರುವು. ನೀರು ಸಾಲದೆ ಅಲ್ಲ, ಹೆಚ್ಚಾಗಿ ತೊಂದರೆ. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಕೊಳ್ಳುವಂತೆ ಪಟ್ಟಿಯ ತಳ ನೀರಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿ ತಳದಲ್ಲಿ ಸಣ್ಣ ಸಣ್ಣ ಗೀರುಗಳನ್ನು ಮೂಡಿಸಿ ನೀರು ಹರಿದುಹೋಗಲು ದಾರಿ ಮಾಡುತ್ತಾರೆ, ತೇವಕ್ಕೆ ತಕ್ಕ ಮೇಣ ಹಚ್ಚುತ್ತಾರೆ.

ಅಂದಾಜು ತಪ್ಪಿದವನ ದಾಖಲೆ

1931ರ ಏಪ್ರಿಲ್‌ನಲ್ಲಿ ಚಾರ್ಲಿ ಪ್ರಾಕ್ಟರ್ ಮತ್ತು ಜಾನ್ ಕಾರ್ಲ್‌ಟನ್ ಎಂಬಿಬ್ಬರು ಟಕರ್‌ಮನ್ನಿನ ಹಿಂಬದಿಯ ಗೋಡೆಯನ್ನು ಮೊದಲ ಬಾರಿಗೆ ಸ್ಕೀ ಮೇಲೆ ಇಳಿದರು. ಆ ಗೋಡೆಯ ಕಡಿದು ಭಾಗಗಳ ಓರೆ ಐವತ್ತು ಡಿಗ್ರಿಯನ್ನೂ ಮೀರುತ್ತದೆ. ಮೇಲಂಚಿನಲ್ಲಿ ನಿಂತವರಿಗೆ ತಮ್ಮ ಕಾಲ ಕೆಳಗಿನ ಇಳಿಜಾರೇ ಕಾಣುವುದಿಲ್ಲ. 1933ರಲ್ಲಿ ಶಿಖರದಿಂದ ಬುಡದವರೆಗೆ ‘ಇನ್ಫರ್ನೋ’ ಹೆಸರಿನ ಓಟದ ಪಂದ್ಯ ನಡೆಯಿತು. ಇನ್ಫರ್ನೋ ಎಂದರೆ ನರಕ.

ಈ ಪಂದ್ಯದ 1939ರ ಆವೃತ್ತಿ ಇಂದಿಗೂ ಕಥೆಯಾಗಿ ಉಳಿದಿದೆ. ಆಸ್ಟ್ರಿಯಾದಿಂದ ಬಂದಿದ್ದ ಹತ್ತೊಂಬತ್ತರ ತರುಣ ಟೋನಿ ಮಾಟ್, ಗೋಡೆಯ ಮೇಲ್ಭಾಗದಲ್ಲಿ ಕೆಲವು ತಿರುವು ಹಾಕಿ ವೇಗ ತಗ್ಗಿಸಿಕೊಳ್ಳುವ ಯೋಚನೆಯಲ್ಲಿದ್ದ. ಅಂಚು ಎಲ್ಲಿ ಆರಂಭವಾಗುತ್ತದೆಂಬ ಅಂದಾಜು ತಪ್ಪಿತು. ಎಚ್ಚರವಾಗುವಷ್ಟರಲ್ಲಿ ಗೋಡೆಯ ಮೇಲೆ ನೇರವಾಗಿ ಧುಮುಕಿಯಾಗಿತ್ತು. ತಿರುಗುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಬಿಟ್ಟ ಬಾಣದಂತೆ ಬೋಗುಣಿಯನ್ನು ದಾಟಿದ ಆತ ಇಡೀ ಓಟವನ್ನು 6 ನಿಮಿಷ 29.2 ಸೆಕೆಂಡಿನಲ್ಲಿ ಮುಗಿಸಿದ. ಎರಡನೆಯವನು ಸುಮಾರು ಒಂದು ನಿಮಿಷ ಹಿಂದಿದ್ದ.

ತೆಳುವಾದಾಗ

ದಾಖಲೆಗಳು ದಪ್ಪ ಹಿಮದ ಕಾಲದವು. ಋತು ಮುಗಿಯುವ ಹೊತ್ತಿಗೆ ಕಮರಿ ಬೇರೆಯೇ ಸ್ಥಳ.

ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಿಂದ ಅದೇ ಪ್ರಮಾಣದ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಹಿಮ ಬಿಸಿಲಿಗೆ ಇಷ್ಟು ದಿನ ಎದುರು ನಿಲ್ಲುವುದು ಈ ಬಲದಿಂದ. ಅಲ್ಲದೆ ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎಂಬತ್ತು ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಧೂಳು, ಕಸಕಡ್ಡಿ ಕೂತು ಮೈ ಮಾಸಿದಂತೆ ಬಿಸಿಲನ್ನು ಹೀರತೊಡಗುತ್ತದೆ. ಪದರ ತೆಳುವಾದಾಗ ಬೆಳಕು ಒಳತೂರಿ ಅಡಿಯ ಬಂಡೆಯನ್ನೇ ಕಾಯಿಸುತ್ತದೆ. ಬಂಡೆ ತಲೆಯೆತ್ತಿತೆಂದರೆ ಮುಗಿಯಿತು: ಒಲೆಯ ಮೇಲಿನ ಕಾವಲಿಯಂತೆ ಅದು ಸುತ್ತಲ ಹಿಮವನ್ನು ಕರಗಿಸುತ್ತ ಹೋಗುತ್ತದೆ. ಮೊದಲ ಎಷ್ಟೋ ಅಡಿಗಳು ಕರಗಲು ತಿಂಗಳುಗಳು ಹಿಡಿದರೆ, ಕೊನೆಯ ಒಂದು ಅಡಿ ನೋಡನೋಡುತ್ತಿದ್ದಂತೆ ಮಾಯವಾಗುತ್ತದೆ.

ಕರಗಿದ ನೀರು ಹಿಮದಡಿಯಲ್ಲಿ ತೊರೆಯಾಗಿ ಹರಿದು ಸುರಂಗ ಕೊರೆಯುತ್ತದೆ. ಮೇಲೆ ನಯವಾದ ಬಿಳಿ ಹಾಸು, ಕೆಳಗೆ ಟೊಳ್ಳು. ಟಕರ್‌ಮನ್ನಿನಲ್ಲಿ ಹೀಗೆ ಮೂಡುತ್ತಿದ್ದ ಹಿಮದ ಕಮಾನು ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗರಿಗೆ ದೊಡ್ಡ ಆಕರ್ಷಣೆಯಾಗಿತ್ತು. 1886ರ ಬೇಸಿಗೆಯಲ್ಲಿ ಅದು ಕುಸಿದು ಹದಿನೈದು ವರ್ಷದ ಹುಡುಗನೊಬ್ಬ ಸತ್ತ. ಗೋಡೆಯಿಂದ ಕಳಚಿ ಬೀಳುವ ಮಂಜುಗಡ್ಡೆಯ ತುಂಡುಗಳು, ಹಿಮ ಬಂಡೆಯಿಂದ ಸರಿದು ಬಾಯ್ದೆರೆಯುವ ಬಿರುಕುಗಳು ಇಂದಿಗೂ ಇಲ್ಲಿ ಪ್ರಾಣ ತೆಗೆಯುತ್ತವೆ. ಇಳಿಯುವ ಜಾಗವನ್ನು ಮೊದಲು ಹತ್ತಿಯೇ ನೋಡಬೇಕೆಂಬುದು ಇಲ್ಲಿನ ಹಳಬರ ನಿಯಮ. ಎತ್ತುಯಂತ್ರ ಇಲ್ಲದಿರುವುದು ಕೊರತೆಯಲ್ಲ, ರಕ್ಷೆ. ಒಂದೊಂದು ಹೆಜ್ಜೆ ಏರುವಾಗಲೂ ಕಾಲು ಹಿಮವನ್ನು ಓದಿರುತ್ತದೆ.

ಈ ಕೊನೆಯ ದಿನಗಳಿಗೆಂದೇ ಹಲವರು ಒಂದು ಜೊತೆ ಹಳೆಯ ಸ್ಕೀ ಇಟ್ಟುಕೊಂಡಿರುತ್ತಾರೆ. ಕಲ್ಲಿಗೆ ಉಜ್ಜಿ ತಳ ಕಿತ್ತರೂ ಮರುಕವಿಲ್ಲ. ಮನೆಗೆ ಬಂದು ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಗಾಯಕ್ಕೆ ತುಂಬಿದರಾಯಿತು. ಹಿಮದ ಒಂದು ತುಂಡು ಮುಗಿದಲ್ಲಿ ಸ್ಕೀ ಕಳಚಿ ಹುಲ್ಲು, ಕಲ್ಲುಗಳ ಮೇಲೆ ನಡೆದು ಮುಂದಿನ ತುಂಡಿನಲ್ಲಿ ಮತ್ತೆ ತೊಡುವವರೂ ಉಂಟು. ಹನ್ನೆರಡು ತಿಂಗಳೂ ತಪ್ಪದೆ ಸ್ಕೀ ಮಾಡುವ ವ್ರತ ಹಿಡಿದವರಿಗಂತೂ ಬೇಸಿಗೆಯಲ್ಲಿ ಇಂಥ ತೇಪೆಗಳೇ ಗತಿ.

ಹಿಮವೇ ಪಂಚಾಂಗ

ಕೊನೆಯ ಹಿಮವನ್ನು ಕಣ್ಣಿಟ್ಟು ನೋಡಿದವರು ಸ್ಕೀ ಮಾಡುವವರು ಮಾತ್ರವಲ್ಲ. ಜಪಾನಿನ ರೈತರು ಅವರಿಗಿಂತ ಬಹು ಹಿಂದಿನವರು. ವಸಂತದಲ್ಲಿ ಹಿಮ ಅರೆಬರೆ ಕರಗಿದಾಗ ಬೆಟ್ಟದ ಮೈಯಲ್ಲಿ ಬಂಡೆ ಮತ್ತು ಹಿಮ ಸೇರಿ ಕುದುರೆ, ಹಕ್ಕಿ, ಮನುಷ್ಯನಂಥ ಆಕಾರಗಳು ಮೂಡುತ್ತವೆ. ಇವಕ್ಕೆ ಅಲ್ಲಿ ‘ಯುಕಿಗಾತ’, ಅಂದರೆ ಹಿಮದ ಆಕೃತಿ, ಎಂಬ ಹೆಸರಿದೆ. 2,932 ಮೀಟರ್ ಎತ್ತರದ ಶಿರೋಉಮಾ ಶಿಖರದಲ್ಲಿ ಕಾಣುವುದು ಕುದುರೆ. ಅದು ಮೂಡಿತೆಂದರೆ ಭತ್ತದ ಗದ್ದೆಗೆ ನೀರು ಕಟ್ಟಿ ಕೆಸರು ಮಾಡುವ ಕಾಲ ಬಂದಂತೆ. ಗದ್ದೆ ಕೆಸರು ಮಾಡುವ ಕುದುರೆ ಎಂಬ ಅರ್ಥದ ಹೆಸರು ಬರವಣಿಗೆಯಲ್ಲಿ ಬಿಳಿಯ ಕುದುರೆಯಾಯಿತು, ಅದರಿಂದಲೇ ಬುಡದ ಹಳ್ಳಿ ಹಕುಬಾ ಎನಿಸಿಕೊಂಡಿತು ಎನ್ನುತ್ತಾರೆ. 1998ರ ಚಳಿಗಾಲದ ಒಲಿಂಪಿಕ್ಸ್‌ನ ಸ್ಕೀ ಸ್ಪರ್ಧೆಗಳು ನಡೆದ ಊರು ಅದು. ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಯ ಲೆಕ್ಕ ಹಾಕಿ ಬಿತ್ತನೆಗೆ ಇಳಿಯುವ ಕರ್ನಾಟಕದ ರೈತರಿಗೆ ಈ ಪಂಚಾಂಗ ಅರ್ಥವಾಗದ್ದಲ್ಲ.

ಅದೇ ಜಪಾನಿನ ಗಸ್ಸಾನ್ ಬೆಟ್ಟದ ಸ್ಕೀ ತಾಣ ಬಾಗಿಲು ತೆರೆಯುವುದೇ ಏಪ್ರಿಲ್‌ನಲ್ಲಿ. ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮ ತಲುಪಲಾಗದಷ್ಟು ಹೆಚ್ಚು. ಬೇರೆಯವರು ಸ್ಕೀ ಒರೆಸಿ ಅಟ್ಟಕ್ಕಿಟ್ಟಾಗ ಗಸ್ಸಾನ್‌ನಲ್ಲಿ ಹಂಗಾಮು ಶುರುವಾಗಿ ಜುಲೈವರೆಗೂ ನಡೆಯುತ್ತದೆ.

ಮರಳಿ ಬಾರದ ಹಿಮ

ಈ ಎಲ್ಲ ಸಂಭ್ರಮದ ಹಿಂದೆ ಒಂದು ನಂಬಿಕೆ ಇದೆ. ಕೊನೆಯ ಹಿಮ ಎಂದರೆ ಈ ವರ್ಷದ ಕೊನೆಯ ಹಿಮ. ಮುಂದಿನ ಚಳಿಗಾಲ ಬಂದೇ ಬರುತ್ತದೆ. ಆ ನಂಬಿಕೆ ಸುಳ್ಳಾದ ಸ್ಥಳವೂ ಇದೆ.

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಲಾ ಪಾಸ್ ನಗರದ ಬಳಿ ಚಕಲ್ತಾಯಾ ಎಂಬ ಬೆಟ್ಟವಿದೆ. ಅಲ್ಲಿನ ಹಿಮನದಿಯ ಮೇಲೆ, ಸಮುದ್ರಮಟ್ಟದಿಂದ 5,000 ಮೀಟರಿಗೂ ಮೇಲೆ, 1930ರ ದಶಕದ ಕೊನೆಗೆ ಸ್ಕೀ ತಾಣವೊಂದು ಹುಟ್ಟಿಕೊಂಡಿತು. ಮೋಟಾರು ವಾಹನದ ಎಂಜಿನ್ನಿನಿಂದ ತಿರುಗುವ ಹಗ್ಗ ಜನರನ್ನು ಮೇಲಕ್ಕೆಳೆಯುತ್ತಿತ್ತು. ಜಗತ್ತಿನಲ್ಲೇ ಅತ್ಯಂತ ಎತ್ತರದ ಸ್ಕೀ ತಾಣವೆಂದು ಅದು ಹೆಸರಾಯಿತು. 1980ರ ದಶಕದಿಂದ ಹಿಮನದಿ ವೇಗವಾಗಿ ಕುಗ್ಗಿತು, ತುಂಡುಗಳಾಯಿತು; 2009ರಲ್ಲಿ ಪೂರ್ತಿ ಇಲ್ಲವಾಯಿತು. ಸಾವಿರಾರು ವರ್ಷ ಬಾಳಿದ್ದ ಹಿಮ ಒಂದು ಮನುಷ್ಯಾಯುಷ್ಯದೊಳಗೆ ಕರಗಿ ಹೋಯಿತು. ಇಳಿಜಾರಿನಲ್ಲಿ ಉಳಿದದ್ದು ಕಲ್ಲು, ಅದರ ಪಕ್ಕದಲ್ಲಿ ಸ್ಕೀ ಸಂಘದ ಕಟ್ಟಡ.

ಸ್ಕಾಟ್ಲೆಂಡಿನ ಬ್ರೇರಿಯಾಕ್ ಬೆಟ್ಟದ ಮರೆಯಲ್ಲಿ ‘ಸ್ಫಿಂಕ್ಸ್’ ಎಂದು ಕರೆಯುವ ಹಿಮದ ತೇಪೆಯೊಂದಿದೆ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಕಾಲ ಉಳಿಯುವ ಹಿಮ ಅದು. ಇಪ್ಪತ್ತನೆಯ ಶತಮಾನದಲ್ಲಿ ಅದು ಪೂರ್ತಿ ಕರಗಿದ್ದು 1933, 1959, 1996 ಹೀಗೆ ಮೂರೇ ಸಲ ಎಂಬುದು ದಾಖಲೆ. ಈ ಶತಮಾನದಲ್ಲಿ 2003, 2006, 2017, 2018ರಲ್ಲಿ ಕರಗಿ, ಆಮೇಲೆ 2021, 2022, 2023ರಲ್ಲಿ ಸತತವಾಗಿ ಕರಗಿತು. 1960ರ ದಶಕದಿಂದ ಉಪಗ್ರಹಗಳು ಕೊಡುತ್ತಿರುವ ಚಿತ್ರವೂ ಇದೇ: ಉತ್ತರ ಗೋಳಾರ್ಧದಲ್ಲಿ ವಸಂತದ ಹಿಮದ ಹೊದಿಕೆ ಕಿರಿದಾಗುತ್ತಿದೆ.

ಭಾರತದಲ್ಲಿಯೂ ಇದರ ಬಿಸಿ ತಟ್ಟಿದೆ. ಗುಲ್ಮಾರ್ಗ್‌ನಲ್ಲಿ 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆಂದು ಮಾರ್ಚ್‌ಗೆ ಮುಂದೂಡಬೇಕಾಯಿತು. ಬೇಸಿಗೆ ರಜೆಯಲ್ಲಿ ಕರ್ನಾಟಕದಿಂದ ಮನಾಲಿಗೆ ಹೋಗುವ ಕುಟುಂಬಗಳು ಬಾಡಿಗೆಯ ಕೋಟು, ಬೂಟು ತೊಟ್ಟು ರೋಹ್ತಾಂಗ್ ಕಣಿವೆಮಾರ್ಗದಲ್ಲಿ ಮುಟ್ಟಿ ನೋಡುವುದೂ ಹೀಗೆ ಮಾಸಿ ಕಾಳುಗಟ್ಟಿದ ಹಳೆಯ ಹಿಮವನ್ನೇ. ಅದು ಚಳಿಗಾಲದ ಉಳಿಕೆಯೆಂದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಬೆಟ್ಟದ ಮೇಲೆ ಹಿಮ ಯಾವಾಗಲೂ ಇರುತ್ತದೆಂಬ ಭಾವನೆ.

ಟಕರ್‌ಮನ್ನಿಗೆ ಮೇ ಕೊನೆಯಲ್ಲಿ ಹೋಗುವವರಿಗೆ ಆ ಭ್ರಮೆಯಿಲ್ಲ. ಹೋದ ವಾರ ಇದ್ದದ್ದು ಈ ವಾರ ಇಲ್ಲದಿರುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಹತ್ತಾರು ತಿರುವುಗಳಿಗಷ್ಟೇ ಸಾಕಾಗುವ ಬಿಳಿ ಪಟ್ಟಿಯನ್ನು ಹುಡುಕಿ, ಹತ್ತಿ, ಇಳಿದು, ಬಂಡೆಯ ಮೇಲೆ ಕೂತು ಒದ್ದೆ ಬೂಟು ಬಿಚ್ಚುತ್ತಾರೆ. ಪಕ್ಕದಲ್ಲಿ ತಾವು ಈಗಷ್ಟೇ ಜಾರಿದ ಹಿಮ ತೊರೆಯಾಗಿ ಹರಿಯುತ್ತಿರುತ್ತದೆ.