ತಿಂಡಿಗಾಗಿ ವಿಮಾನಯಾನ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಅಲ್ಲಿ ಗೋಳಿಬಜೆ ತಿಂದು ಮಧ್ಯಾಹ್ನದೊಳಗೆ ಮರಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಷ್ಟೇ ದೂರವನ್ನು ಸಣ್ಣ ವಿಮಾನದಲ್ಲಿ ತಾವೇ ಹಾರಿಸಿಕೊಂಡು ಹೋಗಿ ತಿಂಡಿ ತಿಂದು ಬರುವವರೂ ಉಂಟು ಎಂದರೆ ನೀವು ನಗಬಹುದು. ಅಮೆರಿಕದ ಹವ್ಯಾಸಿ ವಿಮಾನಚಾಲಕರಲ್ಲಿ ಇದೊಂದು ರೂಢಿ. ಇಂತಹ ತಿಂಡಿಗೆ ಅವರಿಟ್ಟ ಹೆಸರು ‘ನೂರು ಡಾಲರಿನ ಹ್ಯಾಂಬರ್ಗರ್’. ಮಾಂಸವಿಟ್ಟ ಬನ್ನಿನ ಬೆಲೆ ಅಲ್ಪ. ಪೆಟ್ರೋಲು, ವಿಮಾನದ ಬಾಡಿಗೆ ಸೇರಿ ನೂರಾಗುತ್ತಿತ್ತು. ಈಗ ನೂರಕ್ಕೆ ಮುಗಿಯುವುದಿಲ್ಲ, ಹೆಸರು ಮಾತ್ರ ಉಳಿದಿದೆ.

ಇದೆಂತಹ ದುಂದುಗಾರಿಕೆ ಎಂದು ಹಿರಿಯರು ಕೇಳಿಯಾರು. ನಮಗೂ ಮೊದಲು ಹಾಗೆಯೇ ತೋರಿತು. ಆದರೆ ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಚಾಲಕನು ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಸಲ ಏರಿ, 3 ಸಲ ಇಳಿದಿರಬೇಕೆಂಬುದು ಅಲ್ಲಿಯ ನಿಯಮ. ಕೈ ಪಳಗಿರಬೇಕಾದರೆ ಹಾರುತ್ತಿರಬೇಕು. ಹಾರುವುದಕ್ಕೆ ತಿಂಡಿ ಒಂದು ನೆವ.

ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ ಕ್ಯಾಟಲಿನಾ ದ್ವೀಪದ ವಿಮಾನ ನಿಲ್ದಾಣವಿದೆ. ಎರಡು ಗುಡ್ಡಗಳ ತಲೆ ಕಡಿದು, ನಡುವಿನ ಕಣಿವೆಯನ್ನು ತುಂಬಿ ಮಾಡಿದ ಈ ನಿಲ್ದಾಣ 1946ರಲ್ಲಿ ತೆರೆಯಿತು. ಸಮುದ್ರಮಟ್ಟದಿಂದ 1,602 ಅಡಿ ಎತ್ತರ. ಅಲ್ಲಿಯ ಉಪಾಹಾರಗೃಹಕ್ಕೆ ಹೋಗಲೆಂದೇ ಅನೇಕರು ಬರುತ್ತಾರೆ.

ಹೆಚ್ಚಾಗಿ ಬಳಕೆಯಲ್ಲಿರುವುದು ಸೆಸ್ನಾ 172 ಎಂಬ ನಾಲ್ಕು ಆಸನಗಳ, ಒಂದೇ ಎಂಜಿನಿನ ವಿಮಾನ. ಹೊರಡುವ ಮೊದಲು ಚಾಲಕನು ರೆಕ್ಕೆಯ ಅಡಿಯಿಂದ ತುಸು ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿಯುತ್ತಾನೆ. ಈ ಪೆಟ್ರೋಲಿಗೆ ಗುರುತಿಗಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ನೀರು ಸೇರಿದ್ದರೆ ಅದು ಭಾರವಾದುದರಿಂದ ತಳದಲ್ಲಿ ಬೇರೆಯಾಗಿ ಕಾಣುತ್ತದೆ.

ಮುಂದೆ ಸುಮಾರು 35 ಕಿ.ಮೀ. ಸಮುದ್ರ. ಎಂಜಿನು ನಿಂತರೇನು ಗತಿ? ವಿಮಾನ ಕಲ್ಲಿನಂತೆ ಬೀಳುವುದಿಲ್ಲ. 1 ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ತೇಲುತ್ತದೆ. 7,000 ಅಡಿ ಎತ್ತರದಲ್ಲಿದ್ದರೆ 63,000 ಅಡಿ, ಅಂದರೆ 19 ಕಿ.ಮೀ.ಗಿಂತ ತುಸು ಹೆಚ್ಚು. ನಡುಗಡಲಿನಿಂದಲೂ ಯಾವುದಾದರೊಂದು ದಡ ಸಿಕ್ಕೀತು. ಗಣಿತದ ಪಾಠ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ನಮ್ಮ ಗೆಳೆಯರು ಇದನ್ನೊಮ್ಮೆ ಲೆಕ್ಕ ಹಾಕಿ ನೋಡಲಿ! ಎದುರುಗಾಳಿ ಬೀಸಿದರೆ ಈ ಲೆಕ್ಕ ತಪ್ಪುವುದರಿಂದ ತೇಲುವ ಅಂಗಿಗಳೂ ಜೊತೆಗಿರಬೇಕು.

ಇಳಿಯುವಾಗ ಇನ್ನೊಂದು ಭ್ರಮೆ. ಓಡುದಾರಿಯ ನಡುಭಾಗ ಉಬ್ಬಿದೆ. ಆಚೆಯ ತುದಿ ಕಾಣುವುದಿಲ್ಲ. ಹೊಸಬರು ದಾರಿ ಮುಗಿದೇಹೋಯಿತೆಂದು ಬೆದರಿ ಬ್ರೇಕನ್ನು ಬಲವಾಗಿ ಒತ್ತುವುದುಂಟು.

ಇವೆಲ್ಲಕ್ಕಿಂತ ದೊಡ್ಡ ಶತ್ರು ಮೋಡ. ಬೇಸಿಗೆಯ ಬೆಳಿಗ್ಗೆಗಳಲ್ಲಿ ತಣ್ಣನೆಯ ಸಮುದ್ರದ ಮೇಲಿಂದ ತಗ್ಗಾದ ಮೋಡ ಬಂದು ಕರಾವಳಿಯನ್ನು ಮುಚ್ಚುತ್ತದೆ. ಅದರೊಳಗೆ ಹೊಕ್ಕ ಚಾಲಕನಿಗೆ ಮೇಲಾವುದು, ಕೆಳಗಾವುದು ತಿಳಿಯದು. ಒಳಗಿವಿಯೇ ಸುಳ್ಳು ಹೇಳುತ್ತದೆ. ಉಪಕರಣಗಳನ್ನು ನೋಡಿಯೇ ಹಾರುವ ತರಬೇತಿ ಪಡೆಯದವನು ಅಲ್ಲಿಗೆ ಹೋಗಕೂಡದು. ಆದರೂ ‘ಇಷ್ಟು ದೂರ ಬಂದೆವಲ್ಲ, ಇನ್ನು ಸ್ವಲ್ಪವೇ’ ಎಂಬ ಆಸೆಯಿಂದ ಪ್ರಾಣ ಕಳೆದುಕೊಂಡವರಿದ್ದಾರೆ. ಪಕ್ಕದಲ್ಲಿ ಹಸಿದ ಸ್ನೇಹಿತರು ಕುಳಿತಿರುವಾಗ ಹಿಂತಿರುಗುತ್ತೇನೆ ಎನ್ನುವುದು ಸುಲಭವಲ್ಲ. ಬಲ್ಲವರು ಅಂತಹ ದಿನ ಲಾಂಗ್ ಬೀಚ್‌ನಲ್ಲೇ ಕಾಫಿ ಕುಡಿಯುತ್ತ ಮೋಡ ಚದುರುವುದನ್ನು ಕಾಯುತ್ತಾರೆ. ಚದುರದಿದ್ದರೆ ಮನೆಗೆ ಹೋಗಿ ತಿಂಡಿ ತಿನ್ನುತ್ತಾರೆ.