ನಾರೀಕುಂಜರವೂ ಭೋಗೋದ್ಯಾನವೂ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ, ತುಂಗಭದ್ರೆಯ ದಡಕ್ಕೆ ಸಮೀಪವಾಗಿ, ಹುಚ್ಚಪ್ಪಯ್ಯನ ಮಠವಿದೆ. ಅಲ್ಲಿನ ನುಣುಪಾದ ಕರಿಗಲ್ಲಿನ ಕಂಬಗಳನ್ನು ಮೆಚ್ಚಿ ಹಿಂದಿರುಗುವವರೇ ಹೆಚ್ಚು. ಕತ್ತೆತ್ತಿದವರಿಗೆ ಮಾತ್ರ ಛಾವಣಿಯ ವರ್ಣಚಿತ್ರಗಳ ನಡುವೆ ನಾರೀಕುಂಜರವು ಕಾಣುತ್ತದೆ. ಹೆಂಗಳೆಯರು ಒಬ್ಬರೊಳಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಆನೆಯನ್ನು ಕಂಡ ಕಣ್ಣಿಗೆ ಹೆಂಗಳೆಯರು ಮರೆ. ಹೆಂಗಳೆಯರನ್ನು ಎಣಿಸಹೊರಟರೆ ಆನೆ ಮಾಯ.

ಇದು ಬರಿಯ ಚಮತ್ಕಾರವೆ?

ಕೃಷ್ಣದೇವರಾಯನು ವಿಜಯನಗರವನ್ನು ಆಳುತ್ತಿದ್ದ ದಿನಗಳಲ್ಲಿ, 1516ರಲ್ಲಿ, ತೀರಿಕೊಂಡ ನೆದರ್ಲೆಂಡ್ಸಿನ ಚಿತ್ರಕಾರ ಹೀರೋನಿಮಸ್ ಬಾಷನೂ ಇಂಥ ಸೋಜಿಗಗಳನ್ನೇ ಬರೆದವನು. ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿರುವ ಅವನ ಮೂರು ಹಲಗೆಗಳ ‘ಭೋಗೋದ್ಯಾನ’ದ ನಡುವೆ ಒಂದು ಕೊಳ, ಕೊಳದೊಳಗೆ ಸ್ತ್ರೀಯರು, ಸುತ್ತಲೂ ಮೃಗಗಳನ್ನೇರಿ ತಿರುಗುವ ಪುರುಷರು, ಎಲ್ಲೆಲ್ಲಿಯೂ ಮನುಷ್ಯನನ್ನು ಮೀರಿ ಬೆಳೆದ ಹಣ್ಣುಗಳು. 1605ರಲ್ಲಿ ಸ್ಪೇನಿನ ಸಂನ್ಯಾಸಿ ಸಿಗ್ವೆನ್ಸಾ ಆ ಸ್ಟ್ರಾಬೆರಿ ಹಣ್ಣಿನಲ್ಲಿ ನಾಲಗೆಯ ಮೇಲೆ ಕ್ಷಣಕಾಲವೂ ನಿಲ್ಲದ ಸುಖವನ್ನು ಕಂಡನು. ಬಲಗಡೆಯ ಹಲಗೆಯಲ್ಲಿ ನರಕವಿದೆ. ತೀರ್ಪನ್ನು ಬಾಷನೇ ಬರೆದಿಟ್ಟಿದ್ದಾನೆ.

ನಮ್ಮ ನಾರೀಕುಂಜರದ ಮಗ್ಗುಲಲ್ಲಿ ನರಕವಿಲ್ಲ. ಕಾಮವೇ ಮದ್ದಾನೆಯೆಂದು ಓದುವವರು ಓದಲಿ. ಆ ಹೋಲಿಕೆ ನಮ್ಮ ಕಾವ್ಯಗಳಿಗೆ ಹಳೆಯದೇ. ನನ್ನನ್ನು ಕಾಡುವುದು ಇನ್ನೊಂದು. ಬಾಷನಲ್ಲಿ ಮೃಗವು ಮನುಷ್ಯನನ್ನು ಹೊತ್ತಿದೆ. ಇಲ್ಲಿ ಮನುಷ್ಯರೇ ಮೃಗವಾಗಿದ್ದಾರೆ, ಅದೂ ತಮ್ಮ ರೂಪವನ್ನು ಬಿಡದೆ! ಪಾಪವೋ ಲೀಲೆಯೋ, ಚಿತ್ರಕಾರನು ಹೇಳಿಲ್ಲ. ಬಣ್ಣವಂತೂ ಮಾಸಿದೆ, ನೋಡಬಯಸುವವರು ಒಳಗೆ ಬೆಳಕಿರುವ ಹೊತ್ತಿಗೇ ಹೋಗಬೇಕು.