ಓಟಗಾರನೂ ಏರುದಾರಿಯೂ

ದೇಹಾರೋಗ್ಯಕ್ಕಾಗಿ ಬೆಳಗಿನ ಹೊತ್ತು ಓಡುವ ಪದ್ಧತಿಯು ಪಟ್ಟಣಗಳನ್ನು ದಾಟಿ ಹಳ್ಳಿಗಳಿಗೂ ಬಂದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಾಸನದ ಸೀಮೆಯಲ್ಲಿ ಓಡಹೊರಟವನಿಗೆ ಮೊದಲ ದಿನವೇ ಒಂದು ಪ್ರಶ್ನೆ ಎದುರಾಗುತ್ತದೆ. ಇಲ್ಲಿಯ ನೆಲವು ಮಲೆನಾಡಿಗೂ ಬಯಲುಸೀಮೆಗೂ ನಡುವೆ, ಸಮುದ್ರಮಟ್ಟಕ್ಕೆ ಸುಮಾರು ೩,೦೦೦ ಅಡಿಗಳ ಎತ್ತರದಲ್ಲಿ, ಅಲೆಯಲೆಯಾಗಿ ಹರಡಿದೆ. ಬೂವನಹಳ್ಳಿಯಂತಹ ಊರಿನಿಂದ ನಾಲ್ಕಾರು ಮೈಲಿ ಓಡಿ ಹಿಂದಿರುಗುವವನು ಒಂದೆರಡು ದಿಣ್ಣೆಗಳನ್ನಾದರೂ ಹತ್ತಿ ಇಳಿಯಬೇಕು. ಆ ಏರು ದಾರಿಯ ಮೊದಲಲ್ಲಿರಬೇಕೆ, ನಡುವೆ ಇರಬೇಕೆ, ಕೊನೆಯಲ್ಲಿರಬೇಕೆ?

ಈ ವಿಷಯದಲ್ಲಿ ಓಟಗಾರರಲ್ಲಿ ಮೂರು ಪಕ್ಷಗಳುಂಟು. ಕಷ್ಟವನ್ನು ಮೊದಲೇ ಕಳೆದುಕೊಂಡರೆ ಮನೆಗೆ ಬರುವಾಗ ಇಳಿಜಾರು ದೊರೆಯುವುದೆಂದು ಕೆಲವರು ಹೇಳುವರು. ಕೊನೆಯ ಏರಿನಲ್ಲಿಯೇ ಮನಸ್ಸಿನ ಗಟ್ಟಿತನವು ತಿಳಿಯುವುದೆಂದು ಮತ್ತೆ ಕೆಲವರ ವಾದ. ಮೈ ಕಾದ ಮೇಲೆ, ದಣಿವು ಬರುವ ಮುಂಚೆ, ನಡುದಾರಿಯಲ್ಲಿ ಏರಬೇಕೆಂಬುದು ಉಳಿದವರ ಮತ. ಗೃಹಸ್ಥನಾದವನಿಗೆ ಈ ಮೂರನೆಯದೇ ಲೇಸೆಂದು ನಮ್ಮ ಅಭಿಪ್ರಾಯ.

ಹತ್ತುವಾಗ ವ್ಯಯವಾದ ಶಕ್ತಿಯು ಇಳಿಯುವಾಗ ಪೂರ್ತಿಯಾಗಿ ಹಿಂದೆ ಬರುವುದೆಂದು ಅನೇಕರು ನಂಬಿರುವರು. ಇದು ತಪ್ಪು. ಮಿನೆಟ್ಟಿ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಬೆಟ್ಟದ ಓಟಗಾರರನ್ನು ಪರೀಕ್ಷಿಸಿ ೨೦೦೨ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಮನೆಯ ಜಮಾಖರ್ಚಿನ ರೀತಿಯಲ್ಲಿ ಹೇಳುವುದಾದರೆ, ಸಮನೆಲದಲ್ಲಿ ಒಂದಿಷ್ಟು ದೂರ ಓಡಲು ಹತ್ತು ರೂಪಾಯಿ ತಗಲುವುದಾದರೆ, ಹತ್ತು ಅಡಿಗೆ ಒಂದು ಅಡಿಯಂತೆ ಏರುವ ದಾರಿಯಲ್ಲಿ ಅಷ್ಟೇ ದೂರಕ್ಕೆ ಹದಿನಾರು ಹದಿನೇಳು ರೂಪಾಯಿ ತಗಲುತ್ತದೆ. ಅದೇ ದಾರಿಯನ್ನು ಇಳಿಯುವಾಗ ಸುಮಾರು ಆರು. ಏರಿನಲ್ಲಿ ಹೆಚ್ಚಾಗಿ ತೆತ್ತದ್ದು ಆರೂವರೆ, ಇಳಿವಿನಲ್ಲಿ ಉಳಿದದ್ದು ನಾಲ್ಕು. ಆದುದರಿಂದ ಸಮನೆಲದ ವೇಗವನ್ನೇ ದಿಣ್ಣೆಯ ಮೇಲೂ ಹಿಡಿದುಕೊಂಡು ಹೋಗುವವನು ಸಾಲ ಮಾಡಿ ಹಬ್ಬ ಮಾಡುವವನಂತೆ ನಷ್ಟಕ್ಕೆ ಗುರಿಯಾಗುತ್ತಾನೆ. ಏರಿನಲ್ಲಿ ಕಾಪಾಡಬೇಕಾದುದು ವೇಗವನ್ನಲ್ಲ, ಉಸಿರಿನ ಲಯವನ್ನು.

ಕೊನೆಯ ಏರು ಎಂತಹ ಬಲಶಾಲಿಯನ್ನೂ ಹೇಗೆ ಕೆಡವುವುದೆಂಬುದಕ್ಕೆ ಅಮೆರಿಕಾ ದೇಶದ ಬಾಸ್ಟನ್ ನಗರದ ಮ್ಯಾರಥಾನ್ ಓಟವೇ ಸಾಕ್ಷಿ. ಇಪ್ಪತ್ತಾರು ಮೈಲಿಗಳನ್ನು ಮೀರಿದ ಆ ಓಟದಲ್ಲಿ ಇಪ್ಪತ್ತನೆಯ ಮೈಲಿಯನ್ನು ದಾಟಿದ ಮೇಲೆ ಒಂದು ಏರು ಬರುತ್ತದೆ. ಅದರ ಎತ್ತರ ತೊಂಬತ್ತು ಅಡಿಗಳಷ್ಟು ಮಾತ್ರ. ನಮ್ಮ ಶ್ರವಣಬೆಳಗೊಳದ ದೊಡ್ಡಬೆಟ್ಟವು ಬಯಲಿನಿಂದ ಸುಮಾರು ೪೭೦ ಅಡಿ ಎದ್ದಿರುವುದನ್ನು ನೆನೆದರೆ ಅದರ ಐದನೆಯ ಒಂದು ಪಾಲೂ ಆಗದು. ೧೯೩೬ರಲ್ಲಿ, ಹಿಂದಿನ ವರ್ಷ ಗೆದ್ದಿದ್ದ ಜಾನ್ ಕೆಲ್ಲಿ ಎಂಬಾತನು ಈ ಏರುಗಳಲ್ಲಿ ಕಷ್ಟಪಟ್ಟು ಓಡಿ, ಎಲ್ಲರಿಗಿಂತ ಮುಂದಿದ್ದ ಎಲಿಸನ್ ಬ್ರೌನನನ್ನು ಹಿಡಿದು, ಹೋಗುತ್ತ ಆತನ ಬೆನ್ನು ತಟ್ಟಿದನು. ಬ್ರೌನನು ಹುರುಪುಗೊಂಡು ಮುಂದೆ ನುಗ್ಗಿ ಗೆದ್ದನು. ಶಕ್ತಿಯನ್ನೆಲ್ಲ ಏರಿಗೇ ಸುರಿದಿದ್ದ ಕೆಲ್ಲಿಯು ಐದನೆಯವನಾಗಿ ಮುಟ್ಟಿದನು. ಅಂದಿನಿಂದ ಆ ದಿಣ್ಣೆಗೆ ‘ಎದೆಯೊಡೆಯುವ ಗುಡ್ಡ’ವೆಂಬರ್ಥದ ಹೆಸರು ನಿಂತಿತು.

ಹತ್ತುವುದಷ್ಟೇ ಕಷ್ಟ, ಇಳಿಯುವುದು ಸುಖ ಎಂಬ ಭಾವನೆಯೂ ಸಲ್ಲದು. ದೊಡ್ಡಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಗೊಮ್ಮಟನ ದರ್ಶನ ಮಾಡಿ ಬಂದವರನ್ನು ಕೇಳಿರಿ: ಹತ್ತುವಾಗ ಏದುಸಿರು ಬಂದಿತ್ತು, ಇಳಿಯುವಾಗ ತೊಡೆ ನಡುಗಿತು, ಮಾರನೆಯ ದಿನ ಕೂತರೆ ಏಳಲಾಗಲಿಲ್ಲ ಎನ್ನುವರು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ನೋವು ಒಂದೆರಡು ದಿನಗಳ ಮೇಲೆ ಹೆಚ್ಚಾಗುತ್ತದೆ. ಆದರೆ ಒಮ್ಮೆ ಹದವಾಗಿ ಇಳಿದು ಅಭ್ಯಾಸವಾದರೆ, ಮುಂದಿನ ಕೆಲವು ವಾರಗಳವರೆಗೆ ಆ ಸ್ನಾಯುಗಳು ಅಂತಹ ಪೆಟ್ಟನ್ನು ಸುಲಭವಾಗಿ ತಾಳುತ್ತವೆ. ಪ್ರಕೃತಿಯ ಈ ಉಪಕಾರವು ಸಾಮಾನ್ಯವಾದುದಲ್ಲ.

ಇಷ್ಟು ತೊಡಕಿದ್ದರೆ ದಿಣ್ಣೆಗಳನ್ನು ಬಿಟ್ಟೇಬಿಡಬಾರದೇಕೆ ಎಂದರೆ, ಕಾಲಿಗೂ ಎದೆಗೂ ಏಕಕಾಲದಲ್ಲಿ ಬಲ ಕೊಡುವ ಸಾಧನವು ಇದಕ್ಕಿಂತ ಅಗ್ಗದಲ್ಲಿ ಬೇರೊಂದು ದೊರೆಯದು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ಶಿಕ್ಷಕನು ತನ್ನ ಶಿಷ್ಯರನ್ನು ೨೨ ಮೈಲಿಗಳ ಗುಡ್ಡದ ಸುತ್ತಿನಲ್ಲಿ ಓಡಿಸುತ್ತಿದ್ದನು. ಅವರಲ್ಲೊಬ್ಬನಾದ ಪೀಟರ್ ಸ್ನೆಲ್ ೧೯೬೦ರಲ್ಲಿ ರೋಮ್ ನಗರದ ಒಲಿಂಪಿಕ್ ಕೂಟದಲ್ಲಿ ೮೦೦ ಮೀಟರಿನ ಓಟವನ್ನು ಗೆದ್ದನು. ಎರಡು ನಿಮಿಷವೂ ಹಿಡಿಯದ ಓಟಕ್ಕೆ ಬುನಾದಿ ಹಾಕಿದ್ದು ಗುಡ್ಡದ ದಾರಿಯೆಂಬುದು ಗಮನಿಸತಕ್ಕದ್ದು.

ಇನ್ನು ಗೃಹಸ್ಥರಿಗೆ ಉಪಯುಕ್ತವಾದ ಕೆಲವು ಮಾತುಗಳು. ಮೊದಲ ಮೈಲಿಯನ್ನು ಸಮನೆಲದಲ್ಲಿ ಮೆಲ್ಲನೆ ಓಡಿ ಮೈಯನ್ನು ಕಾಯಿಸಬೇಕು. ಏರಿನಲ್ಲಿ ಹೆಜ್ಜೆಯನ್ನು ಕಿರಿದು ಮಾಡಿ, ಸೊಂಟವನ್ನು ಬಗ್ಗಿಸದೆ, ದೃಷ್ಟಿಯನ್ನು ಶಿಖರಕ್ಕೆ ನೆಡದೆ ಕೆಲವು ಮಾರು ಮುಂದಕ್ಕೆ ಮಾತ್ರ ಇರಿಸಬೇಕು. ಜೊತೆಯವನೊಡನೆ ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿದ್ದರೆ ಓಟವನ್ನು ಬಿಟ್ಟು ನಡೆಯಬೇಕು. ನಡೆಯುವುದರಲ್ಲಿ ಅವಮಾನವೇನೂ ಇಲ್ಲ. ಇಳಿಯುವಾಗ ದಾಪುಗಾಲು ಹಾಕದೆ ಪುಟ್ಟ ಹೆಜ್ಜೆಗಳಲ್ಲಿ ಇಳಿಯಬೇಕು. ಮನೆಯೇ ಏರಿನ ಮೇಲಿದ್ದರೆ ಕೊನೆಯ ಫರ್ಲಾಂಗನ್ನು ನಡೆದೇ ಮುಗಿಸುವುದು ಜಾಣತನ. ನಲವತ್ತು ದಾಟಿದವರೂ, ರಕ್ತದ ಒತ್ತಡ, ಮಧುಮೇಹಗಳಿರುವವರೂ ವೈದ್ಯರನ್ನು ಕೇಳದೆ ಏರಿನ ಓಟಕ್ಕೆ ತೊಡಗಬಾರದು. ಎದೆಯಲ್ಲಿ ಹಿಡಿತವೋ ತಲೆಸುತ್ತೋ ಕಂಡುಬಂದರೆ ಅಲ್ಲಿಯೇ ನಿಲ್ಲಬೇಕು. ದಿಣ್ಣೆಯ ತುದಿಯನ್ನು ಮುಟ್ಟಿಯೇ ತೀರುವೆನೆಂಬ ಹಟವು ಅಪಾಯಕರ.

ಮಕ್ಕಳಿಗೂ ಹೆಂಗಸರಿಗೂ ಇದೇ ನಿಯಮಗಳು. ಮನೆಯವರೆಲ್ಲ ಕೂಡಿ ಹೊರಟಾಗ ಎಲ್ಲರಿಗಿಂತ ನಿಧಾನವಾಗಿ ಹತ್ತುವವರ ಉಸಿರನ್ನೇ ಉಳಿದವರು ಅಳತೆಯಾಗಿ ಇಟ್ಟುಕೊಳ್ಳಲಿ. ಆ ದಿಣ್ಣೆಯನ್ನು ನಾಳೆಯೂ ಹತ್ತಬೇಕಾಗಿದೆಯಷ್ಟೆ.